ಹಳೇ ಆಟಗಳ ಚೆಂಡು: ಚೆಂಡೋ, ಗುಂಡೋ?

ಗೆಳೆಯರೇ, ಹಳೇ ಕಾಲದ ಆಟದ ಚೆಂಡುಗಳನ್ನು ಕೂಡಿಡುವವರೊಬ್ಬರಿಗೆ ಕನ್ನಡದಲ್ಲಿ ಚೀಟಿ ಬರೆದುಕೊಡುತ್ತಿದ್ದೇನೆ. ಒಂದೊಂದು ಚೆಂಡಿನ ಪಕ್ಕ ಎರಡೇ ಸಾಲು. ಸುಲಭ ಅಂದುಕೊಂಡಿದ್ದೆ, ಆದರೆ 'ಚೆಂಡು' ಎಂಬ ಮೊದಲ ಪದದಲ್ಲೇ ಸಿಕ್ಕಿಬಿದ್ದೆ.

ಬಿಲಿಯರ್ಡ್ಸ್‌ಗೆ, ಮರದ ಸುತ್ತಿಗೆಯಿಂದ ಚೆಂಡನ್ನು ಕಮಾನಿನೊಳಗೆ ತೂರಿಸುವ ಕ್ರೋಕೆಗೆ ತಕರಾರಿಲ್ಲ. ಬಿಲಿಯರ್ಡ್ಸ್‌ನವಕ್ಕೆ ದಂತದ ಚೆಂಡು, ದಂತಕ್ಕೆ ಬದಲಿ ಹುಡುಕಹೊರಟ ಜಾನ್ ವೆಸ್ಲಿ ಹಯಾಟ್ 1870ರ ಸುಮಾರಿಗೆ ತಂದ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್‌ನ ಚೆಂಡು ಎಂದು ಬರೆದು ಮುಗಿಸಿದೆ.

ತೊಡಕು ಬಂದದ್ದು ಹುಲ್ಲಿನ ಮೇಲೆ ಉರುಳಿಸುವ ಲಾನ್ ಬೌಲ್ಸ್‌ನದರಲ್ಲಿ. ಹಳೆಯವು ಲಿಗ್ನಮ್ ವೀಟೆ ಮರದವು. ನೀರಿಗೆ ಹಾಕಿದರೆ ಮುಳುಗುವ ಮರ ಅದು! ಇಂಗ್ಲಿಷಿನವರೇ ಈ ಆಟದ ಚೆಂಡನ್ನು ಬಾಲ್ ಅನ್ನುವುದಿಲ್ಲ. ಬೌಲ್ ಅಥವಾ ವುಡ್ ಅನ್ನುತ್ತಾರೆ. ಇದು ಪೂರ್ತಿ ದುಂಡಗೂ ಇಲ್ಲ. ಎರಡು ಮಗ್ಗುಲು ಒಂದೇ ಥರ ಇರದ ಕಾರಣ ವೇಗ ತಗ್ಗಿದಂತೆ ಒಂದು ಕಡೆಗೆ ಬಾಗಿ ಉರುಳುತ್ತದೆ. ಚೆಂಡು ಅಂದರೆ ನನಗೇನೋ ಪುಟಿಯುವ ವಸ್ತುವೇ ಕಣ್ಣಿಗೆ ಬರುತ್ತದೆ. ಇದು ಪುಟಿಯುವುದಿರಲಿ, ಕಾಲ ಮೇಲೆ ಬಿದ್ದರೆ ಕಥೆ ಮುಗೀತು.

ಹಾಗಾಗಿ ನನ್ನ ಒಲವು ಗುಂಡಿನ ಕಡೆಗೆ. ರುಬ್ಬುಗುಂಡು ನೋಡಿ. ಅದೂ ಪೂರ್ತಿ ದುಂಡಗಿಲ್ಲ, ಆದರೂ ಗುಂಡೇ ಅಲ್ವಾ? ಭಾರ, ಉರುಳುವ ಗುಣ ಎರಡೂ ಆ ಪದದಲ್ಲಿವೆ. ಆದರೆ 'ಹಳೇ ಗುಂಡುಗಳ ಸಂಗ್ರಹ' ಎಂದು ಬೋರ್ಡ್ ಹಾಕಿದರೆ ಒಂದೋ ಪೊಲೀಸರು ಬರುತ್ತಾರೆ, ಇಲ್ಲವೇ ಸಂಜೆ ಹೊತ್ತು ಸ್ನೇಹಿತರು ಬರುತ್ತಾರೆ. ಅದಕ್ಕೇ 'ಉರುಳುಗುಂಡು' ಎಂದು ಮಾಡಿಕೊಂಡಿದ್ದೇನೆ. ಮನೆಯೊಳಗೆ ಕಾರ್ಪೆಟ್ ಮೇಲೆ ಉರುಳಿಸುತ್ತಿದ್ದ, ಬಣ್ಣದ ಗೆರೆಗಳ ಪಿಂಗಾಣಿಯವಕ್ಕೂ ಇದು ಹೊಂದುತ್ತದೆ.

ಗುರಿಯತ್ತ ಎಸೆದು ಆಡುವ ಫ್ರಾನ್ಸಿನ ಬೂಲ್‌ಗೆ ಮಾತ್ರ ಬೇರೆ ಹೆಸರು ಬೇಕು. ಲೋಹದವು ಬರುವ ಮೊದಲು ಮರದ ಗುಂಡಿನ ಸುತ್ತ ಮೊಳೆ ಹೊಡೆಯುತ್ತಿದ್ದರು, ಒಂದರ ತಲೆಗೆ ಇನ್ನೊಂದರ ತಲೆ ತಾಗಿಸಿ. ಮರವೇ ಕಾಣುವುದಿಲ್ಲ, ಮೀನಿನ ಪೊರೆಯ ಹಾಗೆ ಮೊಳೆತಲೆಗಳೇ. ಕೆಲವದರಲ್ಲಿ ಬೇರೆ ಲೋಹದ ಮೊಳೆಯಿಂದ ಅಕ್ಷರವನ್ನೋ ಅಂಕಿಯನ್ನೋ ಮೂಡಿಸಿರುತ್ತಾರೆ. ಕೈಗೆತ್ತಿಕೊಂಡರೆ ಅಂಗೈಗೆ ತರಿತರಿ. ಇದಕ್ಕೆ 'ಮೊಳೆಗುಂಡು' ಸಾಕೆನಿಸುತ್ತದೆ.

ಇನ್ನೆರಡು ಅನುಮಾನ. ಉರುಳುಗುಂಡಿನ ಆ ಬಾಗುವ ಗುಣಕ್ಕೆ ಇಂಗ್ಲಿಷಿನಲ್ಲಿ ಬಯಾಸ್. ನಿಘಂಟು ಪಕ್ಷಪಾತ ಅನ್ನುತ್ತದೆ. 'ಪಕ್ಷಪಾತಿ ಗುಂಡು' ಎಂದು ಬರೆದು, ನಕ್ಕು, ಹೊಡೆದುಹಾಕಿದೆ. ತಕ್ಕಡಿ ವಾಲುವ ಹಾಗೆ 'ವಾಲು' ಎಂದರೆ ನಡೆಯುತ್ತದೆಯೇ?

ಮತ್ತೆ, ಗುರಿಯಾಗಿ ಮುಂದೆ ಇಡುವ ಪುಟ್ಟ ಚೆಂಡು. ಇಂಗ್ಲಿಷಿನಲ್ಲಿ ಜ್ಯಾಕ್. ಫ್ರೆಂಚರು ಹಂದಿಮರಿ ಎಂಬ ಅರ್ಥದ ಕೊಶೊನೆ ಅನ್ನುತ್ತಾರೆ. 'ಗುರಿಗುಂಡು' ಅಂದರೆ ಎಲ್ಲರಿಗೂ ತಿಳಿಯುತ್ತದೆ. ನನಗೆ ಮಾತ್ರ 'ಮರಿಗುಂಡು' ಬಿಡಲು ಮನಸ್ಸಿಲ್ಲ. ನೀವಾದರೆ ಯಾವುದನ್ನು ಬರೆಯುತ್ತಿದ್ದಿರಿ?