ಬಂಕ್ ಹೊಡೆಯೋದು, ಬಂಕಿಗೆ ಹೋಗೋದು: ಎರಡೂ ಒಂದೇ ಪದವಾ?

ಗೆಳೆಯರೇ,

'ಬಂಕ್' ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿತ್ತು. ದಾವಣಗೆರೆಯಲ್ಲಿ ಇದು ಮೂರು ವೇಷದಲ್ಲಿ ಓಡಾಡುತ್ತದೆ. ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಲ್ಲಿ ಪೆಟ್ರೋಲ್ ಬಂಕ್. ಹಾಸ್ಟೆಲ್ ರೂಮಿನಲ್ಲಿ ಒಂದರ ಮೇಲೊಂದು ಇರುವ ಬಂಕ್ ಮಂಚ. ಕಾಲೇಜು ಇರುವ ಕಡೆಯೆಲ್ಲ ಕ್ಲಾಸ್ ಬಂಕ್. 'ಬಂಕ್ ಹೊಡೆದು ಬಂಕ್ ಹತ್ರ ನಿಂತಿದ್ದ' ಅಂದರೆ ಇಲ್ಲಿ ಯಾರಿಗೂ ಗೊಂದಲ ಆಗುವುದಿಲ್ಲ. ಆದರೆ ಇವು ಒಂದೇ ಪದವಾ, ಇಲ್ಲಾ ಬೇರೆ ಬೇರೆ ಮನೆಯವು ಒಂದೇ ಹೆಸರಿಟ್ಟುಕೊಂಡಿವೆಯಾ?

ಹಾಸ್ಟೆಲ್ ಹುಡುಗರ ಹತ್ತಿರ ಒಂದು ಸಿದ್ಧ ಉತ್ತರ ಇದೆ. ಕ್ಲಾಸಿಗೆ ಹೋಗದೆ ಬಂಕ್ ಮಂಚದಲ್ಲಿ ಮಲಗುವುದೇ ಬಂಕ್ ಅಂತೆ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಇಂಗ್ಲೆಂಡಿನ ಆಡುಮಾತಿನಲ್ಲಿ ಈ 'ಬಂಕ್' ಕಾಣಿಸಿಕೊಂಡಿದ್ದು 1870ರ ಆಸುಪಾಸಿನಲ್ಲಿ. ಆಗ ಅದಕ್ಕೂ ಶಾಲೆಗೂ ಸಂಬಂಧವೇ ಇರಲಿಲ್ಲ. 'ಡೂ ಎ ಬಂಕ್' ಅಂದರೆ ಯಾರಿಗೂ ಹೇಳದೆ ಪರಾರಿಯಾಗುವುದು. ನಮ್ಮ 'ಕಂಬಿ ಕೀಳು' ಇದೆಯಲ್ಲ, ಅಚ್ಚು ಅದೇ. ಸಾಲಗಾರ ಊರು ಬಿಟ್ಟ, ಗುಮಾಸ್ತ ಗಲ್ಲಾದ ಹಣದ ಸಮೇತ ಕಾಲಿಗೆ ಬುದ್ಧಿ ಹೇಳಿದ, ಇಂಥ ಕಡೆ ಬಳಸುವ ಮಾತು. ಶಾಲೆ ತಪ್ಪಿಸುವ 'ಬಂಕ್ ಆಫ್' ಬಂದಿದ್ದು 20ನೇ ಶತಮಾನದಲ್ಲಿ. ಮಲಗುವುದಕ್ಕೂ ಓಡಿಹೋಗುವುದಕ್ಕೂ ಎಲ್ಲಿಯ ನಂಟು? ಈ ಬಂಕಿನ ಮೂಲ ತಿಳಿದಿಲ್ಲ ಎಂದೇ ಇಂಗ್ಲಿಷ್ ನಿಘಂಟುಗಳು ಬರೆಯುತ್ತವೆ.

ಇನ್ನೊಂದು ಮಜಾ ನೋಡಿ. ಬ್ರಿಟಿಷರು 'ಆಫ್' ಸೇರಿಸಿ ಹೇಳುತ್ತಾರೆ. ಅಮೆರಿಕದವರು ಈ ಪದ ಮುಟ್ಟುವುದೇ ಇಲ್ಲ, ಅವರದು 'ಕಟ್'. ಆಸ್ಟ್ರೇಲಿಯಾದವರು 'ವ್ಯಾಗ್' ಅಂತಾರೆ. ನಾವು 'ಆಫ್' ಕಿತ್ತು ಬಿಸಾಕಿ 'ಹೊಡೆ' ಸೇರಿಸಿಕೊಂಡೆವು. 'ಬಂಕ್ ಮಾಡಿದೆ' ಅನ್ನುವವರೂ ಇದ್ದಾರೆ, ಆದರೆ ಅದು ಸಪ್ಪೆ. ಕೆಲಸ ಮಾಡುತ್ತೇವೆ, ಪಾಠ ಮಾಡುತ್ತೇವೆ. ಹರಟೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತೇವೆ. ಮೇಷ್ಟ್ರು ಒಪ್ಪದ ಕೆಲಸಗಳೇ ಜಾಸ್ತಿ 'ಹೊಡೆ' ಜೊತೆ ಸೇರುತ್ತವೆ ಅಲ್ವಾ? ಬಂಕ್ ಸರಿಯಾದ ಗುಂಪಿಗೇ ಸೇರಿಕೊಂಡಿತು. (ಗೋಡೆ ಹತ್ತುವವನನ್ನು ಕೆಳಗಿಂದ ಎತ್ತಿಕೊಡುವುದಕ್ಕೆ ಇಂಗ್ಲೆಂಡಿನಲ್ಲಿ 'ಬಂಕ್ ಅಪ್' ಅಂತಾರೆ. ಕಾಂಪೌಂಡ್ ಹಾರಿ ಬಂಕ್ ಹೊಡೆಯುವವರಿಗೆ ಎರಡೂ ಬೇಕಾಗುತ್ತದೆ.)

ನಾವು ಮಾತಿನಲ್ಲಿ ಬಳಸದ ಮತ್ತೊಂದು ಬಂಕ್ ಇದೆ. ಬುರುಡೆ, ಬೊಗಳೆ ಅನ್ನುವ ಅರ್ಥದ್ದು. ಇದರ ಹುಟ್ಟು ಮಾತ್ರ ಊರು, ತಾರೀಖು ಸಮೇತ ಸಿಗುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬಂಕಂ ಎಂಬ ಕೌಂಟಿ ಇದೆ, ನಮ್ಮ ಜಿಲ್ಲೆಯ ಹಾಗೆ. 1820ರಲ್ಲಿ ಅಮೆರಿಕದ ಪಾರ್ಲಿಮೆಂಟಾದ ಕಾಂಗ್ರೆಸ್ಸಿನಲ್ಲಿ ಮಿಸೌರಿಯನ್ನು ರಾಜ್ಯವಾಗಿ ಸೇರಿಸಿಕೊಳ್ಳುವ ಬಗ್ಗೆ, ಅಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಬಗ್ಗೆ ದೊಡ್ಡ ಚರ್ಚೆ. ಮತ ಹಾಕುವ ಹೊತ್ತಿಗೆ ಫೆಲಿಕ್ಸ್ ವಾಕರ್ ಎಂಬ ಸದಸ್ಯ ಎದ್ದು ನಿಂತು ಉದ್ದನೆಯ ಭಾಷಣ ಶುರು ಮಾಡಿದ. ಉಳಿದವರು ಸಾಕು ಸಾಕು ಎಂದು ಕೂಗಿದರೂ ಬಿಡಲಿಲ್ಲ. ತಾನು ಮಾತಾಡುತ್ತಿರುವುದು ಬಂಕಂ ಜನರಿಗಾಗಿ ಎಂದನಂತೆ. ಅಂದರೆ ಸಭೆಯಲ್ಲಿ ಯಾರೂ ಕೇಳದಿದ್ದರೂ ಪರವಾಗಿಲ್ಲ, ಊರಿನ ಮತದಾರರಿಗೆ ಗೊತ್ತಾದರೆ ಸಾಕು. ಅಲ್ಲಿಂದ 'ಬಂಕಂ' ಅಂದರೆ ಹುರುಳಿಲ್ಲದ ಮಾತು ಎಂದಾಯಿತು. 1900ರ ಹೊತ್ತಿಗೆ ಬಾಲ ಕತ್ತರಿಸಿಕೊಂಡು 'ಬಂಕ್' ಆಯಿತು. ಚರಿತ್ರೆ ಹೆಚ್ಚುಕಡಿಮೆ ಬಂಕ್ ಎಂದು 1916ರಲ್ಲಿ ಹೆನ್ರಿ ಫೋರ್ಡ್ ಹೇಳಿದ್ದು ಈ ಅರ್ಥದಲ್ಲಿ. 1923ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಅಮೆರಿಕದ ಕಾದಂಬರಿಕಾರ ಇದರ ಮುಂದೆ 'ಡಿ' ಸೇರಿಸಿ 'ಡಿಬಂಕ್' ಮಾಡಿದ. ಫ್ಯಾಕ್ಟ್ ಚೆಕ್ ಮಾಡುವವರ ಬಾಯಲ್ಲಿ ಈಗ ಕೇಳುತ್ತೇವಲ್ಲ, ಅದೇ. ನಮ್ಮ ಕಡೆಯೂ ಇಂಥ ಭಾಷಣಗಳಿಗೆ ಬರ ಇಲ್ಲ. ಪಾಪ ಯಾವ ತಾಲ್ಲೂಕಿನ ಹೆಸರೂ ಹಾಳಾಗಿಲ್ಲ ಅಷ್ಟೇ.

ಮಂಚದ ಬಂಕ್ ಸುಲಭ. 18ನೇ ಶತಮಾನದ ಮಧ್ಯದ್ದು. 'ಬಂಕರ್' ಎಂಬ ಹಳೆಯ ಸ್ಕಾಟ್ಲೆಂಡ್ ಪದದ ಮೊಟಕು ರೂಪ ಇರಬಹುದು ಎನ್ನುತ್ತಾರೆ. ಕೂರಲು ಬರುವ ಪೆಟ್ಟಿಗೆಗೆ, ಬೆಂಚಿಗೆ ಅಲ್ಲಿ ಬಂಕರ್ ಅನ್ನುತ್ತಿದ್ದರು.

ನನ್ನ ತಲೆ ತಿನ್ನುವುದು ಪೆಟ್ರೋಲ್ ಬಂಕ್. ಇಂಗ್ಲೆಂಡಿನಲ್ಲಿ ಹೀಗಂದರೆ ಯಾರಿಗೂ ಅರ್ಥ ಆಗುವುದಿಲ್ಲ, ಅಲ್ಲಿ ಪೆಟ್ರೋಲ್ ಸ್ಟೇಷನ್. ಅಮೆರಿಕದಲ್ಲಿ ಗ್ಯಾಸ್ ಸ್ಟೇಷನ್. ದೆಹಲಿ, ಮುಂಬೈಯಲ್ಲಿ ಪೆಟ್ರೋಲ್ ಪಂಪ್. ಬಂಕ್ ಅನ್ನುವುದು ದಕ್ಷಿಣದ ನಾವು ಮಾತ್ರ. ಎರಡು ದಾರಿ ಕಾಣುತ್ತದೆ. ಹಡಗಿನಲ್ಲಿ ಕಲ್ಲಿದ್ದಲು ತುಂಬಿಡುವ ಜಾಗಕ್ಕೂ ಬಂಕರ್ ಎಂಬ ಹೆಸರು ಇತ್ತು. ಕಲ್ಲಿದ್ದಲು ಹೋಗಿ ಎಣ್ಣೆ ಬಂದರೂ ಹೆಸರು ಉಳಿಯಿತು. ಹಡಗಿಗೆ ಇಂಧನ ತುಂಬಿಸುವುದಕ್ಕೆ ಇವತ್ತಿಗೂ ಬಂಕರಿಂಗ್ ಅಂತಾರೆ. ಹಾಗಾಗಿ ಗಾಡಿಗೆ ಎಣ್ಣೆ ಹಾಕಿಸುವ ಜಾಗವೂ ಬಂಕ್ ಆಗಿರಬಹುದು ಎನ್ನುವುದು ಒಂದು ದಾರಿ. ಇನ್ನೊಂದು ದಾರಿ ಗೂಡಂಗಡಿಯದು. ಬೀಡಿ, ಸಿಗರೇಟು, ಎಲೆ ಅಡಿಕೆ ಮಾರುವ ಪೆಟ್ಟಿಗೆ ಅಂಗಡಿಗೆ ತಮಿಳಿನಲ್ಲೂ ತೆಲುಗಿನಲ್ಲೂ ಬಂಕ್ ಅಂತಾರೆ. ರಸ್ತೆ ಪಕ್ಕ ಪೆಟ್ಟಿಗೆ ಇಟ್ಟುಕೊಂಡು ಪಾನ್ ಮಾರಿದರೆ ಅದು ಪಾನ್ ಬಂಕ್, ಪೆಟ್ರೋಲ್ ಮಾರಿದರೆ ಪೆಟ್ರೋಲ್ ಬಂಕ್.

ನನ್ನ ಮತ ಎರಡನೆಯದಕ್ಕೆ. ಹಡಗಿನಿಂದ ಬಂದಿದ್ದರೆ ಅಷ್ಟು ದೊಡ್ಡ ಬಂದರು ಇರುವ ಮುಂಬೈಯಲ್ಲೇ ಮೊದಲು ಬಂಕ್ ಅನ್ನಬೇಕಿತ್ತು. ಅಲ್ಲಿ ಪಂಪ್ ಅಂತಾರಲ್ಲ! ಗೂಡಂಗಡಿಯ ಬಂಕ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಪೆಟ್ರೋಲ್ ಬಂಕೂ ಇದೆ. ಯಾವ ದಾರಿ ಹಿಡಿದರೂ ಹಿಂದೆ ಇರುವುದು ಆ ಸ್ಕಾಟ್ಲೆಂಡಿನ ಪೆಟ್ಟಿಗೆಯೇ ಇರಬೇಕು ಅನಿಸುತ್ತದೆ. ಹಾಗಾದರೆ ಮಂಚ ಮತ್ತು ಪೆಟ್ರೋಲ್ ಒಂದೇ ಮನೆಯವು. ಕ್ಲಾಸ್ ಬಂಕ್ ಹೊರಗಿನವನು.

ಈಗ ನಿಮ್ಮಿಂದ ಬೇಕಾದ ಮಾಹಿತಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರು ಆಂಧ್ರದ ಗಡಿಯಲ್ಲಿದ್ದೀರಿ. ನಿಮ್ಮಲ್ಲಿ ಗೂಡಂಗಡಿಗೆ ಬಂಕ್ ಅನ್ನುವ ರೂಢಿ ಕನ್ನಡ ಮಾತಿನಲ್ಲೂ ಇದೆಯಾ? ಶಾಲೆ ತಪ್ಪಿಸುವುದಕ್ಕೆ ನಮ್ಮ ಹಿರಿಯರು 'ಚಕ್ಕರ್' ಅಂತಾರೆ. 'ಕೆಲಸಕ್ಕೆ ಚಕ್ಕರ್, ಊಟಕ್ಕೆ ಹಾಜರ್' ಎಲ್ಲರಿಗೂ ಗೊತ್ತು. ಹಳ್ಳಿ ಕಡೆ ಇದಕ್ಕೆ ಬೇರೆ ಮಾತು ಇದ್ದರೆ ದಯವಿಟ್ಟು ಬರೆಯಿರಿ.

ಲಾರಿ ಓಡಿಸುವವರು, ಪುಣೆ ಕಡೆ ಓಡಾಡುವವರು ಯಾರಾದರೂ ಇದ್ದರೆ ಇದನ್ನೂ ಹೇಳಿ. ದಾವಣಗೆರೆಯಲ್ಲಿ ಬಂಕ್, ಪುಣೆಯಲ್ಲಿ ಪಂಪ್. ರಸ್ತೆ ಒಂದೇ. ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಇದರಲ್ಲಿ ಯಾವ ಊರಿನಿಂದ ಜನ ಪಂಪ್ ಅನ್ನಲು ಶುರು ಮಾಡುತ್ತಾರೆ?