ಅಪ್‌ಡೇಟ್: ಬಾಣೇರ್ ಕಟ್ಟಡಕ್ಕೆ ಫೈಬರ್ ಎಳೆಸಿದೆವು

ಪುಣೆಯ ಬಾಣೇರ್‌ನಲ್ಲಿರುವ ನಮ್ಮ ವಾಣಿಜ್ಯ ಕಟ್ಟಡದ ಕಂಪ್ಯೂಟರ್ ಜಾಲಕ್ಕೆ ತಾಮ್ರದ ಕೇಬಲ್ ಸಾಕೇ, ಫೈಬರ್ (ಬೆಳಕಿನ ಮೂಲಕ ಡೇಟಾ ಒಯ್ಯುವ ಗಾಜಿನ ಎಳೆ) ಬೇಕೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆ, ವಿಶೇಷವಾಗಿ ಇಲ್ಲಿನ ಕನ್ನಡಿಗ ಇಂಜಿನಿಯರ್ ಮಿತ್ರರಿಗೆ, ಕೃತಜ್ಞತೆಗಳು. ತಾಮ್ರದ ಈಥರ್ನೆಟ್ (ಜಾಲದ) ಕೇಬಲ್‌ಗೆ 100 ಮೀಟರ್ ಉದ್ದದ ಮಿತಿಯಿದ್ದು, ನೆಲಮಾಳಿಗೆಯ ಸರ್ವರ್ ಕೋಣೆಯಿಂದ ಮೇಲಿನ ಮಹಡಿಗಳ ಮೂಲೆಗಳಿಗೆ ಅಳೆದಾಗ ಅದು ಮೀರುತ್ತಿದ್ದುದರಿಂದ, ಮಹಡಿಗಳನ್ನು ದಾಟುವ ಕೇಬಲ್ ಶಾಫ್ಟ್‌ನಲ್ಲಿ ಸಿಂಗಲ್ ಮೋಡ್ (ಹೆಚ್ಚು ದೂರಕ್ಕೆ ಒದಗುವ ಬಗೆಯ) ಫೈಬರನ್ನೇ ಎಳೆಸಿದೆವು. ಆದರೆ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಹಾಗಾಗಿ ಕ್ಯಾಮೆರಾ, ವೈಫೈ ಸಾಧನಗಳಿಗೆ ಆಯಾ ಮಹಡಿಯ ಪಿಒಇ ಸ್ವಿಚ್‌ನಿಂದ (ಜಾಲದ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕಳಿಸುವ ಸಾಧನ) ತಾಮ್ರವನ್ನೇ ಉಳಿಸಿಕೊಂಡಿದ್ದೇವೆ.

ಮೂರನೇ ಮಹಡಿಯೊಂದರಲ್ಲಿ ಮಾತ್ರ ಬೆಳಕಿನ ನಷ್ಟ ಹೆಚ್ಚಿತ್ತು. ಒಟಿಡಿಆರ್ (ಫೈಬರ್‌ಗೆ ಬೆಳಕು ಹಾಯಿಸಿ ದೋಷದ ಜಾಗ ಹುಡುಕುವ ಉಪಕರಣ) ಪರೀಕ್ಷೆಯಲ್ಲಿ ಅದು 1310 ನ್ಯಾನೋಮೀಟರ್ ತರಂಗಾಂತರದ ಬೆಳಕಿಗಿಂತ 1550ರಲ್ಲಿ ಎದ್ದು ಕಂಡಿತು. ಬಾಗಿದಲ್ಲಿ ಉದ್ದ ತರಂಗಾಂತರದ ಬೆಳಕೇ ಹೆಚ್ಚು ಸೋರುತ್ತದೆ, ಅಂದರೆ ಕೇಬಲ್ ಎಲ್ಲೋ ಅತಿಯಾಗಿ ಬಾಗಿದೆ ಎಂದರ್ಥ. ಹುಡುಕಿದಾಗ ಕೇಬಲ್ ಸಾಗುವ ಟ್ರೇಯ ತಿರುವಿನಲ್ಲಿ ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿದು ಕಟ್ಟಿದ್ದರು. ಅದನ್ನು ಕತ್ತರಿಸಿ ವೆಲ್ಕ್ರೋ ಸುತ್ತಿಸಿದ ಮೇಲೆ ಸರಿಹೋಯಿತು. ಗುತ್ತಿಗೆದಾರರಿಂದ ಎರಡೂ ತರಂಗಾಂತರಗಳ ವರದಿಯನ್ನು ಪಡೆದ ನಂತರವೇ ಬಿಲ್ ಪಾವತಿಸಿದೆವು.