ಬೆಳಗಿನ 41, ಮಧ್ಯಾಹ್ನದ 35: ಎರಡು ಪತ್ರಿಕೆಗಳ ಅಂಕ ಸರಿದೂಗಿಸುವುದು ಹೇಗೆ?

ಶಿರಸಿ ಮೇಷ್ಟ್ರು:
ದ್ವಿತೀಯ ಪಿಯುಸಿಗೆ ಗಣಿತ ಕಲಿಸುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆಗೆ ಸಭಾಂಗಣ ಒಂದೇ ಇದ್ದುದರಿಂದ ಮಕ್ಕಳನ್ನು ಎರಡು ಪಾಳಿ ಮಾಡಿದೆವು. ಊಟದ ಹೊತ್ತಿಗೆ ಪ್ರಶ್ನೆಗಳು ವಾಟ್ಸ್‌ಆ್ಯಪ್ ಹತ್ತುತ್ತವೆ ಎಂದು ಗೊತ್ತಿದ್ದೇ ಬೇರೆ ಬೇರೆ ಪತ್ರಿಕೆ ತೆಗೆದೆ. ಒಟ್ಟು 60 ಅಂಕ. ಬೆಳಗಿನ 62 ಮಕ್ಕಳ ಸರಾಸರಿ 41, ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) 9. ಮಧ್ಯಾಹ್ನದ 58 ಮಕ್ಕಳ ಸರಾಸರಿ 35, ವಿಚಲನೆ 12. ಎರಡನೆಯ ಪತ್ರಿಕೆ ತುಸು ಬಿಗಿಯಾಯಿತೆಂದು ನನಗೂ ಅನ್ನಿಸಿದೆ. ರಾತ್ರಿ ಹನ್ನೊಂದರ ಮೇಲೆ ನಿದ್ದೆಗಣ್ಣಿನಲ್ಲಿ ತೆಗೆದದ್ದು ಅದು.

ಈ ಅಂಕಗಳ ಮೇಲೆ ವಿಶೇಷ ತರಗತಿಗೆ 20 ಮಂದಿಯನ್ನು ಆರಿಸಬೇಕು. "ಮಧ್ಯಾಹ್ನದವರಿಗೆಲ್ಲ ಆರಾರು ಅಂಕ ಸೇರಿಸಿ ಮುಗಿಸಿ" ಎನ್ನುತ್ತಾರೆ ಪ್ರಾಂಶುಪಾಲರು. ಹಾಗೆ ಮಾಡಿದರೆ 56 ತೆಗೆದ ಹುಡುಗನಿಗೆ 60ಕ್ಕೆ 62 ಬರುತ್ತದೆ! ಬೇರೆ ದಾರಿ ಇದೆಯೇ?

ಗೇಟ್ ಬರೆಯುವವ:
ಸರ್, ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್‌ನಲ್ಲಿ ಒಂದೇ ವಿಷಯ ಹಲವು ಪಾಳಿಗಳಲ್ಲಿ ನಡೆದಾಗ ಎರಡು ಗೂಟ ನೆಡುತ್ತಾರೆ. ಮೇಲ್ತುದಿಯ 0.1 ಶೇಕಡಾ ಅಭ್ಯರ್ಥಿಗಳ ಸರಾಸರಿ ಒಂದು ಗೂಟ. ಪಾಳಿಯ ಸರಾಸರಿಗೆ ಮಾನಕ ವಿಚಲನೆ ಕೂಡಿಸಿದ ಅಂಕ ಇನ್ನೊಂದು. ಪಾಳಿಯ ಈ ಎರಡು ಗೂಟಗಳನ್ನು ಎಲ್ಲ ಪಾಳಿಗಳನ್ನೂ ಸೇರಿಸಿ ಲೆಕ್ಕ ಹಾಕಿದ ಗೂಟಗಳ ಮೇಲೆ ಕೂರಿಸಿ ಸರಳರೇಖೆ ಎಳೆಯುತ್ತಾರೆ. ಎಂಜಿನಿಯರಿಂಗ್ ಪದವಿ ಪ್ರವೇಶದ ಜೆಇಇ ಮೇನ್‌ನಲ್ಲಿ ಅಂಕವನ್ನೇ ಬದಿಗಿಟ್ಟು, ನಿಮ್ಮ ಪಾಳಿಯಲ್ಲಿ ನಿಮ್ಮಷ್ಟು ಅಥವಾ ನಿಮಗಿಂತ ಕಡಿಮೆ ತೆಗೆದವರು ನೂರಕ್ಕೆ ಎಷ್ಟು ಎಂದು ನೋಡುತ್ತಾರೆ. ಆ ಪರ್ಸೆಂಟೈಲ್ ಏಳು ದಶಮಾಂಶ ಸ್ಥಾನಗಳವರೆಗೆ ಹೋಗುತ್ತದೆ. ಪ್ರತಿ ಪಾಳಿಯ ಮೊದಲಿಗನಿಗೂ 100.

ಧಾರವಾಡದ ಸಂಖ್ಯಾಶಾಸ್ತ್ರದ ಟೀಚರ್ (ನಿವೃತ್ತ):
58 ಮಕ್ಕಳಲ್ಲಿ 0.1 ಶೇಕಡಾ ಅಂದರೆ ಒಬ್ಬ ವಿದ್ಯಾರ್ಥಿಯ ಬೆರಳೂ ಆಗಲಾರದು. ಗೇಟ್ ಸೂತ್ರ ನಿಮಗೆ ಬೇಡ. ಸರಾಸರಿ, ವಿಚಲನೆ ಎರಡನ್ನೂ ಹೊಂದಿಸುವ ರೇಖೀಯ ವಿಧಾನ ಸಾಕು: 41 + 9 × (ಅಂಕ − 35) ÷ 12. ಆಗ 56 ತೆಗೆದವನಿಗೆ 56.75, 20 ತೆಗೆದವಳಿಗೆ 29.75. ಒಬ್ಬರಿಗೆ ಮುಕ್ಕಾಲು ಅಂಕ, ಇನ್ನೊಬ್ಬರಿಗೆ ಹತ್ತಿರ ಹತ್ತಿರ ಹತ್ತು. ಪ್ರಾಂಶುಪಾಲರ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ನೋಡಿ.

ಅದಕ್ಕೂ ಮೊದಲು ಒಂದು ಮಾತು ಹೇಳಿ. ಯಾರು ಬೆಳಿಗ್ಗೆ, ಯಾರು ಮಧ್ಯಾಹ್ನ ಎಂದು ಹೇಗೆ ಹಂಚಿದಿರಿ? ಚೀಟಿ ಎತ್ತಿದಿರೋ, ಇಲ್ಲ ತರಗತಿವಾರು ಕೂರಿಸಿದಿರೋ?

ಶಿರಸಿ ಮೇಷ್ಟ್ರು:
ಅಯ್ಯೋ, ಅದು ಹೊಳೆಯಲೇ ಇಲ್ಲ. ಪಿಸಿಎಂಬಿಯವರು (ಗಣಿತದ ಜೊತೆ ಜೀವಶಾಸ್ತ್ರ ತೆಗೆದುಕೊಂಡವರು) ಬೆಳಿಗ್ಗೆ, ಕಂಪ್ಯೂಟರ್ ಸೈನ್ಸ್‌ನವರು ಮಧ್ಯಾಹ್ನ.

ಧಾರವಾಡದ ಸಂಖ್ಯಾಶಾಸ್ತ್ರದ ಟೀಚರ್ (ನಿವೃತ್ತ):
ಹಾಗಾದರೆ ಮೇಲಿನ ನನ್ನ ಸೂತ್ರವನ್ನು ಹೊಡೆದುಹಾಕಿ. ಅದು, ಪರ್ಸೆಂಟೈಲ್ ಕೂಡ, ಎರಡು ಗುಂಪುಗಳೂ ಸಮಬಲದವು ಎಂದು ನಂಬಿ ನಿಂತದ್ದು. ನಿಮ್ಮಲ್ಲಿ ಆರು ಅಂಕದ ಅಂತರದಲ್ಲಿ ಪತ್ರಿಕೆಯ ಬಿಗಿ ಎಷ್ಟು, ಮಕ್ಕಳ ವ್ಯತ್ಯಾಸ ಎಷ್ಟು ಎಂದು ಬಿಡಿಸಲು ಎರಡೂ ಪತ್ರಿಕೆಗಳಲ್ಲಿದ್ದ ಸಮಾನ ಪ್ರಶ್ನೆಗಳು ಬೇಕು. ಇದಕ್ಕೆ ಆ್ಯಂಕರ್ ಎನ್ನುತ್ತಾರೆ. ಇತ್ತೇ?

ಶಿರಸಿ ಮೇಷ್ಟ್ರು:
ಸೋಮಾರಿತನಕ್ಕೆ ಒಮ್ಮೊಮ್ಮೆ ಫಲ ಸಿಗುತ್ತದೆ. 12 ಅಂಕದ ಪ್ರಶ್ನೆಗಳು ಎರಡರಲ್ಲೂ ಅವೇ: ಮಾತೃಕೆ, ಅವಕಲನ, ಅನುಕಲನ, ಸಂಭವನೀಯತೆ. ನಿನ್ನೆ ರಾತ್ರಿ 120 ಉತ್ತರಪತ್ರಿಕೆ ಮತ್ತೆ ತಿರುವಿ ಅವುಗಳ ಅಂಕ ಮಾತ್ರ ಪಟ್ಟಿ ಮಾಡಿದೆ. ಬೆಳಗಿನವರ ಸರಾಸರಿ 8.4, ವಿಚಲನೆ 2. ಮಧ್ಯಾಹ್ನದವರದು 7.8, ವಿಚಲನೆ 2.4.

ಧಾರವಾಡದ ಸಂಖ್ಯಾಶಾಸ್ತ್ರದ ಟೀಚರ್ (ನಿವೃತ್ತ):
60ಕ್ಕೆ 12, ಅಂದರೆ ಐದನೆಯ ಒಂದು ಭಾಗ. ರೂಢಿಯಲ್ಲಿ ಕೇಳುವುದೂ ಅಷ್ಟೇ. ಅಧ್ಯಾಯಗಳೂ ಹರಡಿಕೊಂಡಿವೆ, ಅದಂತೂ ತುಂಬ ಒಳ್ಳೆಯದು. ಈಗ ಎರಡು ಹೆಜ್ಜೆ. ಮಧ್ಯಾಹ್ನದ 35, ಆ ಗುಂಪಿನ ಲೆಕ್ಕದಲ್ಲಿ ಸಮಾನ ಪ್ರಶ್ನೆಗಳ 7.8ಕ್ಕೆ ಸಮ. ಬೆಳಗಿನ ಗುಂಪಿನಲ್ಲಿ ಆ 7.8 ಎಲ್ಲಿ ಕೂರುತ್ತದೆ? ಸರಾಸರಿಗಿಂತ 0.6 ಕೆಳಗೆ. ಅಲ್ಲಿ ಒಂದು ಆ್ಯಂಕರ್ ಅಂಕ ಪೂರ್ಣ ಪತ್ರಿಕೆಯ 4.5ಕ್ಕೆ ಸಮ (ವಿಚಲನೆಗಳ ಅನುಪಾತ, 9 ÷ 2), ಆದ್ದರಿಂದ 41 − 2.7 = 38.3. ಆರರಲ್ಲಿ 3.3 ಪತ್ರಿಕೆಯ ಪಾಲು, 2.7 ಮಕ್ಕಳ ಪಾಲು. ಮಧ್ಯಾಹ್ನದ ಒಂದು ಅಂಕ 2.4 ÷ 12 = 0.2 ಆ್ಯಂಕರ್ ಅಂಕ, ಅದು ಬೆಳಗಿನ 0.2 × 4.5 = 0.9. ಸೂತ್ರ: 38.3 + 0.9 × (ಅಂಕ − 35). 56ಕ್ಕೆ 57.2, 20ಕ್ಕೆ 24.8.

ಗೇಟ್ ಬರೆಯುವವ:
ಮೇಡಂ, ಆ ಪ್ರಶ್ನೆಗಳು ಬೆಳಿಗ್ಗೆಯೇ ವಾಟ್ಸ್‌ಆ್ಯಪ್‌ಗೆ ಬಂದಿದ್ದರೆ?

ಧಾರವಾಡದ ಸಂಖ್ಯಾಶಾಸ್ತ್ರದ ಟೀಚರ್ (ನಿವೃತ್ತ):
ಸರಿಯಾದ ಜಾಗಕ್ಕೇ ಕೈ ಹಾಕಿದೆಯಪ್ಪಾ. ಬಂದಿದ್ದರೆ 7.8 ಉಬ್ಬಿದ ಅಂಕ, ಮಧ್ಯಾಹ್ನದ ಮಕ್ಕಳು ಇರುವುದಕ್ಕಿಂತ ಜಾಣರಾಗಿ ಕಾಣುತ್ತಾರೆ, ಪತ್ರಿಕೆ ಇದ್ದುದಕ್ಕಿಂತ ಬಿಗಿಯಾಗಿ ಕಾಣುತ್ತದೆ. ಮೇಷ್ಟ್ರೇ, ನಾಲ್ಕು ಪ್ರಶ್ನೆಗಳನ್ನೂ ಬೇರೆ ಬೇರೆಯಾಗಿ ನೋಡಿ. ಮೂರರಲ್ಲಿ ಮಧ್ಯಾಹ್ನದವರು ಹಿಂದಿದ್ದು ಒಂದರಲ್ಲಿ ಮಾತ್ರ ಮುಂದಿದ್ದರೆ ಅದನ್ನು ಕೈಬಿಟ್ಟು ಮತ್ತೆ ಲೆಕ್ಕ ಹಾಕಿ. ಇನ್ನೊಂದು: ಇಷ್ಟು ಕಡಿಮೆ ಮಕ್ಕಳಿರುವಾಗ ಎರಡು ಸರಾಸರಿಗಳ ಅಂತರದ ಮಾನಕ ದೋಷವೇ (ಆಕಸ್ಮಿಕವಾಗಿ ಆಗಬಹುದಾದ ಏರುಪೇರಿನ ಅಳತೆ) ಸುಮಾರು 2 ಅಂಕ. ದಶಮಾಂಶಕ್ಕಾಗಿ ಯಾರೂ ಜಗಳವಾಡಬಾರದು. ಅಂಕಪಟ್ಟಿಯಲ್ಲಿ ಬರೆದ ಅಂಕವೇ ಇರಲಿ, ಆಯ್ಕೆಗೆ ಮಾತ್ರ ಇದನ್ನು ಬಳಸಿ. ಇಪ್ಪತ್ತರ ಗೆರೆಯ ಅಕ್ಕಪಕ್ಕದವರನ್ನು ಕರೆದು ಹಲಗೆಯ ಮೇಲೆ ಒಂದೊಂದು ಲೆಕ್ಕ ಮಾಡಿಸಿ.

ಶಿರಸಿ ಮೇಷ್ಟ್ರು:
ನೋಡಿದೆ. ನಾಲ್ಕರಲ್ಲೂ ಮಧ್ಯಾಹ್ನದವರು ಸ್ವಲ್ಪ ಸ್ವಲ್ಪ ಹಿಂದೆಯೇ ಇದ್ದಾರೆ, ಸೋರಿಕೆಯ ಗುರುತು ಕಾಣಲಿಲ್ಲ. ಹೊಸ ಪಟ್ಟಿಯಲ್ಲಿ ಮಧ್ಯಾಹ್ನದ ಇಬ್ಬರು ಒಳಗೆ ಬಂದರು, ಬೆಳಗಿನ ಇಬ್ಬರು ಹೊರಗೆ ಹೋದರು. ಪ್ರಾಂಶುಪಾಲರು ಸೂತ್ರವನ್ನು ಎರಡು ಸಲ ಓದಿ, "ಇದನ್ನು ಪೋಷಕರಿಗೆ ನೀವೇ ಹೇಳಿ" ಎಂದು ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. ಹೊರಗುಳಿದ ಇಬ್ಬರ ಮನೆಯವರು ನಾಳೆ ಹನ್ನೊಂದಕ್ಕೆ ಬರುತ್ತಾರೆ. ಕಪ್ಪುಹಲಗೆ ಒರೆಸಿಟ್ಟಿದ್ದೇನೆ.